ಎಳ್ಳಮವಾಸಿ ಹಾಜರಿ

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ಕುಷ್ಟಗಿಯ ಆ ಮನೆಯ ಪಡಸಾಲೆಯಲ್ಲಿ ಮನೆಮಕ್ಕಳ ಜೊತೆ ನೆರೆಮನೆಯ ರಜಿಯಾಬೇಗಮಳೂ ಸಿಕ್ಕಿಹಾಕಿಕೊಂಡಿದ್ದಳು. "ಬರೋ ಐತವಾರ ನಮ್ಮ ಸಾಲಿ ಗೆಳತ್ಯಾರೆಲ್ಲ ಕೂಡಿ ಊಟ ಮಾಡ್ತೀವಿ, ಆಯಿ" ಎಂದು ಮೊಮ್ಮಗಳು ಶೇಖರಮ್ಮ ಅಂದದ್ದೇ ತಡ, ಮುದುಕಿ ಶಂಕ್ರಮ್ಮ ಎಲೆ ಅಡಿಕೆ ಚೀಲವನ್ನು ಪಕ್ಕಕ್ಕಿಟ್ಟಳು. ಸತ್ತ ಗಂಡ ಈಶಪ್ಪನ ಹೆಸರನ್ನು ಈ ವಯಸ್ಸಿಗೂ ಬಾಯಲ್ಲಿ ತಾರದ ಹೆಂಗಸು ಅವಳು.

"ಉಣ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಾಜರಿ ಗೀಜರಿ ಕರ್ಯಾಕ ಹೋಗಬ್ಯಾಡ್ರಿ... ನಗಬ್ಯಾಡ ಹುಡುಗಿ, ಕೇಳು. ನಿಜಾಮನ ಕಾಲ, ದೊಡ್ಡ ಲಡಾಯಿ ನಡದಿತ್ತು. ನಿಮ್ಮಜ್ಜ, ಗವಿಸಿದ್ದಪ್ಪ, ಉಮಾಪತಿ, ಕಾಸೀಮಸಾಬ, ನಾಕೂ ಮಂದಿ ಒಂದ ಉರ್ದು ಸಾಲ್ಯಾಗ ಕಲಿತವ್ರು. ಸಾಲಿ ಬಿಟ್ಟ ಮ್ಯಾಲೂ ವರ್ಷಾ ಎಳ್ಳಮವಾಸಿಗೆ ನಮ್ಮ ಹೊಲದ ಬನ್ನಿಗಿಡದ ಬುಡಕ ಕೂಡಿ ಉಣತಿದ್ರು. ಸಜ್ಜಿರೊಟ್ಟಿ, ಪುಂಡಿಪಲ್ಲೆ, ಕಡಬು ಹೊತ್ಕೊಂಡು ಹೋಗಾಕಿ ನಾನು. ತುತ್ತು ಎತ್ತೂಕಿಂತ ಮೊದಲು ಕಾಸೀಮಸಾಬ ಮಾಸ್ತರನಂಗ ಒಬ್ಬೊಬ್ಬರ ಹೆಸರು ಕರ್ಯಾಂವ, ಇವ್ರು ಕೈ ಕಟ್ಟಿ 'ಹಾಜಿರ್' ಅನ್ನೋರು, ಆಮ್ಯಾಲ ಹೊಟ್ಟಿ ಹುಣ್ಣಾಗೂವಂಗ ನಗೋರು. 'ವೈನಿ, ಇನ್ನೊಂದು ಕಡಬು' ಅಂತ ಕಾಸೀಮಸಾಬ ನನ್ನ ಕಾಡಾಂವ, ಅಣ್ಣನ ಹೆಂಡತೀನ ಕರದಂಗ.

ಒಂದು ವರ್ಷ ಗಡ್ಡಿಬ್ಯಾನಿ ಬಂತು... ಪ್ಲೇಗು. ಊರಿಗೆ ಊರ ಹೊಲದಾಗ ಗುಡಿಸಲಾ ಹಾಕ್ಕೊಂತು. ಕಾಸೀಮಸಾಬನ ಅವ್ವ ಗೌಸಬೀ ಮೊದಲು ಹೋದ್ಲು, ಬೆನ್ನಹಿಂದ ಅವನಿಗೂ ಗಡ್ಡಿ ಎದ್ವು. ನಮ್ಮ ಬನ್ನಿಗಿಡದಿಂದ ಕೂಗಳತಿ ದೂರದಾಗ ಒಬ್ಬನ ಮಲಗಿದ್ದ. ಎಳ್ಳಮವಾಸಿಗೆ ಮೂರೂ ಮಂದಿ ಊಟಕ್ಕ ಕುಂತ್ರು. ಅದೊಂದು ವರ್ಷ ಉಣ್ಣದಿದ್ರ ಏನಾಗ್ತಿತ್ತು ಹೇಳ್ರಿ? ರಣರಣ ಬಿಸಲು... ಗುಡಿಸಲದಾಗಿಂದ ದನಿ ಬಂತು. ನೀರು ಕೇಳಲಿಲ್ಲ ಅಂವ. ಒಬ್ಬೊಬ್ಬರ ಹೆಸರು ಕರದ, ಹಾಜರಿ ಕರದಂಗ. ಯಾರೂ ಓ ಅನ್ನಲಿಲ್ಲ. ನಿಮ್ಮಜ್ಜ ನೀರಿನ ತಂಬಿಗಿ ಹಿಡಕೊಂಡು ಎದ್ರು, ನಾನ ಅವರ ಬಾಯಿ ಒತ್ತಿಹಿಡದು ಕುಂದರಿಸಿದೆ. ಅಂಜಿದ್ನೆವ್ವಾ, ಹೊಟ್ಟ್ಯಾಗ ಕೂಸಿತ್ತು... ಏನ ಮಾಡ್ಲಿ? ಕಡೀಕೆ 'ವೈನಿ' ಅಂದ. ಆಮ್ಯಾಲ ದನಿ ನಿಂತತು.

ಮರುವರ್ಷ ಅದ ಗಿಡದ ಬುಡಕ ಕುಂತಿದ್ರು. ಗುಡಿಸಲಾ ಯಾವಾಗೋ ಸುಟ್ಟಿದ್ರು, ಬರೇ ನೆಲ. ಅಲ್ಲಿಂದ 'ಗವಿಸಿದ್ದಪ್ಪ' ಅಂತ ಕೇಳಿಸ್ತು. ಬಾಯಿ ರೂಢಿ ನೋಡ್ರಿ... ತಡೀಲಾರದ 'ಹಾಜಿರ್' ಅಂದುಬಿಟ್ಟ. ಯುಗಾದಿ ಕಾಣಲಿಲ್ಲ ಅಂವ. ಮುಂದಿನ ವರ್ಷ ಊಟಾನ ಬ್ಯಾಡ ಅಂತ ಉಮಾಪತಿ ಕಾರಟಗಿಗೆ ಮಾವನ ಮನಿಗೆ ಓಡಿಹೋದ. ಅಲ್ಲೂ ಬಿಡಲಿಲ್ಲ. ಕೈ ತೊಳಕೊಂಡು ಊಟಕ್ಕ ಕುಂತಾಂವ ಬಾಗಿಲ ಕಡೆ ನೋಡಿ 'ಹಾಜಿರ್' ಅಂದ್ನಂತ. ಆ ತಿಂಗಳಾನ ಹೋದ. ಹೆಂಡತಿ ಕಳಕಮ್ಮ ನನ್ನ ಮುಂದ ಹೇಳ್ಕೊಂಡು ಅತ್ಲು.

ಉಳದಾವ್ರು ನಿಮ್ಮಜ್ಜ ಒಬ್ರ. ಹೇಮಗುಡ್ಡದ ದುರ್ಗವ್ವಗ ಉಡಿ ತುಂಬಿದೆ, ದರ್ಗಾಕ್ಕ ಸಕ್ಕರಿ ಓದಿಸಿದೆ... ಏನ ಮಾಡಿದ್ರ ಏನ ಬಂತು? ಎಳ್ಳಮವಾಸಿ ಬಂದ ಬಂತು. ಬಾಗಿಲ ಹಾಕಿ, ಅವರ ಬಾಯಿ ಮ್ಯಾಲ ಎರಡೂ ಕೈ ಒತ್ತಿ ಕುಂತೆ. ಹೊರಗ ಅವರ ಹೆಸರು ಕೇಳಿಸ್ತು. ಒಂದ ಸಲ... ಎರಡ ಸಲ... ಮೂರನೇ ಸಲಕ್ಕ ನನ್ನ ಕೈ ಮೆಲ್ಲಕ ತಗದ್ರು. 'ಅವತ್ತೂ ಹಿಂಗ ಹಿಡದಿದ್ದಿ, ಶಂಕ್ರೀ' ಅಂದ್ರು. ಸಿಟ್ಟಿಲ್ಲ ಏನಿಲ್ಲ. ಬಾಗಿಲ ಕಡೆ ತಿರುಗಿ, ಸಾಲಿ ಹುಡುಗನಂಗ ಕೈ ಕಟ್ಟಿ, ಹಾಜಿರ್ ಅಂದ್ರು. ಹೋಳಿಹುಣ್ಣಿಮಿಯೊಳಗ ನನ್ನ ಕುಂಕುಮ ಹೋತು."

ರಜಿಯಾಬೇಗಮ, "ಅಲ್ಲಿಗೆ ಮುಗೀತಲ್ರಿ, ಅಮ್ಮಾರ?" ಎಂದಳು.

"ಎಲ್ಲಿ ಮುಗೀತವ್ವಾ? ಅವತ್ತು ಅಂವ ಕರದಿದ್ದು ಮೂವರನ್ನಲ್ಲ, ನಾಕು ಮಂದೀನ. ನನ್ನ ವೈನಿ ಅನ್ನೋರು ಈಗ ಈ ಊರಾಗ ಯಾರೂ ಉಳದಿಲ್ಲ. ಆದ್ರೂ ವರ್ಷಾ ಎಳ್ಳಮವಾಸಿ ಮಧ್ಯಾಹ್ನ ಬಾಗಿಲದಾಗ ಒಬ್ಬಾಂವ ಹಂಗ ಕರೀತಾನ. ಸೆರಗು ಬಾಯಾಗ ತುರುಕ್ಕೊಂಡು ಕುಂದರತೀನಿ. ಹೋದ ವರ್ಷ ತಂಬಿಗಿ ನೀರು ಇಟ್ಟು ನೋಡಿದೆ, ಮುಟ್ಟಲಿಲ್ಲ. ಅವನಿಗೆ ಬೇಕಾಗಿದ್ದು ನೀರಲ್ಲ... ಇನ್ನ ನನ್ನ ಕೈಲೆ ಆಗೂದಿಲ್ಲ. ಈ ಸಲ ನಾ ಓ ಅಂದ್ರ... ಯಾರೂ ನನ್ನ ಬಾಯಿ ಮುಚ್ಚಬ್ಯಾಡ್ರಿ."