ಮೂರು ಮೀಟರಿಗೊಂದು ತಾಮ್ರ

"ಹಲೋ... ಯಾರು ಮಾತಾಡ್ತಿರೋದು?... ಯಾವ ಭೂವಿಜ್ಞಾನಿ? ಇಲ್ಲಿ ನೀರಿನ ಬೋರ್ ಕೊರೀತೀವಪ್ಪಾ, ವಿಜ್ಞಾನ ಗಿಜ್ಞಾನ ಏನೂ ಇಲ್ಲ... ಓಹೋ, ಅಳಿಯಂದ್ರಾ! ತಡೀರಿ, ಮೆಷಿನ್ ಆಫ್ ಮಾಡಿಸ್ತೀನಿ."

ಮಾವ ಕೈಯೆತ್ತಿ ಸನ್ನೆ ಮಾಡಿದರು. ಬೋರ್ ಲಾರಿಯ ಗದ್ದಲ ನಿಂತಿತು. ಮದುವೆಯಾದ ಆರು ತಿಂಗಳಲ್ಲಿ ಅಳಿಯ ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಹಾಂ, ಈಗ ಹೇಳಿ. ಮಗಳು ಚೆನ್ನಾಗಿದ್ದಾಳಾ?... ಮತ್ತೆ?... ಆ ಬೋಳು ಗುಡ್ಡದ ಫೈಲಾ? ಇನ್ನೂ ಉಸಿರಾಡ್ತಿದ್ಯಾ ಅದು!... ಹೌದು, ಡ್ರಿಲ್ಲರ್ ಅಂತ ಇರೋ ಸಹಿ ನಂದೇ. ಇಪ್ಪತ್ತೆರಡು ವರ್ಷ ಆಯ್ತು. ನಮ್ಮ ಮಾವ 'ಗಣಿ ತಂತ್ರಜ್ಞಾನ'ದಲ್ಲಿದ್ರು ಅಂತ ನೀವು ಸ್ನೇಹಿತರ ಹತ್ರ ಹೇಳ್ತಿದ್ರಲ್ಲ, ಅದೇ ಇದು."

"ಏನು, ಇನ್ನರ್ಧ ಗಂಟೇಲಿ ನೀವು ಅಲ್ಲಿ ತಾಮ್ರ ಇದೆ ಅನ್ನೋ ವರದಿಗೆ ಸಹಿ ಹಾಕ್ಬೇಕಾ?... ಹಾಕ್ದಿದ್ರೆ ಕೆಲ್ಸ ಹೋಗುತ್ತಾ?... ಹಾಕಿ, ನಾಳೆ ತಾಮ್ರ ಸಿಗ್ದಿದ್ರೆ ಮಾನ ಹೋಗುತ್ತೆ. ಒಟ್ನಲ್ಲಿ ಏನೋ ಒಂದು ಹೋಗುತ್ತೆ ಅನ್ನಿ."

"ಏನು ಗೊತ್ತಿದೆ ಅಂತೀರಾ?... ಕೇಳಿದ್ರಲ್ಲ, ಅದೇ ದೊಡ್ಡದು. ಆ ಗುಡ್ಡಕ್ಕೆ ನಿಮಗಿಂತ ಮುಂಚೆ ಮೂರು ಕಂಪನಿ ಬಂದುಹೋಗಿದೆ. ಮೊದಲನೇದು ಬಂಡೆ ಮೇಲೆ ಅಂಗೈಯಗಲ ಹಸಿರು ಕಲೆ ನೋಡಿ, ಕೆಳಗೆ ತಾಮ್ರದ ಸಮುದ್ರ ಇದೆ ಅಂತು. ಎರಡನೇದು ಗುಡ್ಡದುದ್ದಕ್ಕೂ ಕಾಲುವೆ ತೋಡಿ, ಇನ್ನೊಂದು ಅಂಗೈ ಕಲೆ ಹುಡುಕಿ ಮನೆಗೆ ಹೋಯ್ತು. ಮೂರನೇದ್ರಲ್ಲಿ ನಾನಿದ್ದೆ. ಏಳು ಬೋರು. ಮೊದಲ ನಾಲ್ಕರಲ್ಲಿ ಏನ್ ಬಂತು ಅಂತ ಇದೆ?... ಸೊನ್ನೆ. ಐದರಿಂದ?... ಹಾಂ, ತಾಮ್ರಾನೂ ಮಾಲಿಬ್ಡಿನಮ್ ಅನ್ನೋ ಲೋಹಾನೂ ಜೋಡೆತ್ತಿನ ಹಾಗೆ ಬಂದ್ವು, ಅಲ್ವಾ?"

"ಯಾಕಂತೀರಾ? ಐದನೇ ಬೋರಲ್ಲಿ ಬರೀ ಬೆಣಚುಕಲ್ಲು. ಒಂದರ ತುದಿಗೊಂದು ಜೋಡಿಸಿ ಇಳಿಸೋ ಕೊರೆಯೋ ರಾಡ್‌ಗಳು ಕಚ್ಕೊಂಡು, ಬಿಚ್ಚೋಕೇ ಬರ್ತಿರ್ಲಿಲ್ಲ. ಹೊಸ ಗ್ರೀಸ್ ಡಬ್ಬ ತರಿಸ್ದೆ. ಯಾರಪ್ಪನ ಮನೆ ಗಂಟು ಅಂತ ಪ್ರತಿ ಜಾಯಿಂಟಿಗೂ ಬಳ್ದೆ, ಬಳ್ದೆ. ಡಬ್ಬದ ಮೇಲೆ ಏನ್ ಬರ್ದಿತ್ತು ಗೊತ್ತಾ?... ತಾಮ್ರದ ಪುಡಿ, ಮಾಲಿಬ್ಡಿನಮ್ ಪುಡಿ. ಕಬ್ಬಿಣ ಕಚ್ಕೊಳ್ದೇ ಇರ್ಲಿ ಅಂತ ಬೆರೆಸಿರ್ತಾರೆ."

"ತಮಾಷೇನಾ?... ತಮಾಷೆ ಅಲ್ಲ, ಅಳಿಯಂದ್ರೇ. ಲೋಹ ಯಾವ ಯಾವ ಆಳದಲ್ಲಿ ಜಾಸ್ತಿ ಇದೆ, ಓದಿ... ಮೂರು ಮೀಟರು. ಆರು. ಒಂಬತ್ತು. ಹನ್ನೆರಡು... ನಮ್ಮ ರಾಡ್ ಎಷ್ಟುದ್ದ ಅಂತ ಬರ್ದಿದೆ?... ಮೂರು ಮೀಟರು! ಭೂಮಿತಾಯಿ ಏನು ಟೇಪ್ ಹಿಡ್ಕೊಂಡು ಅಳೆದು ಅಳೆದು ತಾಮ್ರ ಇಟ್ಟಿದ್ಲಾ?... ಅದಕ್ಕೆ ಏನಂತ ಹೆಸರು ಕೊಟ್ಟಿದ್ದಾರೆ?... 'ಲಯಬದ್ಧ ನಿಕ್ಷೇಪ'! ಆಹಾ. ಆ ಲಯಕ್ಕೇ ನಮ್ಮ ಆಗಿನ ಭೂವಿಜ್ಞಾನಿ ಸಾಹೇಬ್ರಿಗೆ ಪದಕ ಸಿಕ್ಕಿದ್ದು."

"ಆಗ್ಲೇ ಯಾಕೆ ಹೇಳ್ಲಿಲ್ವಾ?... ಹೇಳ್ದೆ. 'ನೀನು ಕಬ್ಬಿಣ ನೋಡ್ಕೋ, ಕಲ್ಲು ನಾನು ನೋಡ್ಕೋತೀನಿ' ಅಂದ್ರು. ನೋಡ್ಕೊಂಡೆ."

"ಹಾಂ?... ಸ್ಪೀಕರಿಗಾ? ನಿಮ್ಮ ಕಂಪನಿ ಮಾಲೀಕರ ಎದುರಿಗೇನಾ?... ಹಾಕಿ, ಹಾಕಿ. ನಂಗೇನು ಭಯ."

ಭಯವಿತ್ತು. ಮಾವ ತಲೆಯ ಮೇಲಿನ ಟೋಪಿ ತೆಗೆದು, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡರು.

"ನಮಸ್ಕಾರ ಸಾಹೇಬ್ರೆ... ಹೌದು, ಗ್ರೀಸ್ ಬಳ್ದೋನು ನಾನೇ... ಸಾಕ್ಷೀನಾ? ಬೋರಿಂದ ತೆಗೆದ ಕಲ್ಲಿನ ಕೋಲುಗಳು ಫೈಲ್ ಜೊತೆ ನಿಮ್ಮ ಷೆಡ್ಡಿಗೇ ಬಂದಿರ್ಬೇಕಲ್ಲ, ಚೆನ್ನಾಗಿ ತೊಳೆದು ಇನ್ನೊಂದ್ಸಲ ಲ್ಯಾಬಿಗೆ ಕಳ್ಸಿ... ಬೇಡ್ವಾ?... ಏನಂದ್ರಿ?... ಮುಂದಿನ ಹನ್ನೆರಡು ಬೋರೂ ನಾನೇ ಕೊರೀಬೇಕಾ?... ಅದೇ ಗ್ರೀಸ್ ಹಾಕಿ?"

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಯಾರೋ ಅವರ ಕೆಲಸವನ್ನು ಮೆಚ್ಚಿಕೊಂಡಿದ್ದರು.

"ಇದಕ್ಕೆ ನಮ್ಮ ಅಳಿಯಂದ್ರು ಏನಂತಾರೆ?... ಎದ್ದು ಹೋದ್ರಾ? ಸಹಿ?... ಹಾಕ್ಲೇ ಇಲ್ವಾ!... ಕಿರುಚಬೇಡಿ ಸಾಹೇಬ್ರೆ, ಕಿವಿ ನಂದು... ನಾನೇನೂ ಅವರ ತಲೆ ಕೆಡಿಸಿಲ್ಲ, ಮೀಟರ್ ಲೆಕ್ಕ ಹೇಳ್ದೆ ಅಷ್ಟೇ... ಏನದು ಬಾಗಿಲು ಸದ್ದು?... ವಾಪಸ್ ಬಂದ್ರಾ? ಸಹಿ ಹಾಕೋಕಾ?... ಅಯ್ಯೋ, ಅಳಿಯಂದ್ರೇ, ಬೇಡ್ರೀ, ನನ್ ಮಾತು ಕೇಳಿ... ಹಾಂ?... ಫೋನ್ ಮೇಜಿನ ಮೇಲೇ ಬಿಟ್ಟು ಹೋಗಿದ್ರಾ? ಅದಕ್ಕೇ ಬಂದ್ರಾ?... ಕೊಟ್ಬಿಡಿ ಸಾಹೇಬ್ರೆ. ಅದು ಕಂಪನೀದಲ್ಲ, ನನ್ನ ಮಗಳು ಕೊಡ್ಸಿದ ಫೋ..."