ಮೂರು ಕಾಲಿನ ಸ್ಟೂಲು

...ಅಯ್ಯೋ, ಇರು ಇರು, ಬಾಯಿ ತೆಗೀಬೇಡ! ಡಾಕ್ಟರು ಏನಂದಿದ್ದಾರೆ? ಪಿಸುಮಾತೂ ಬೇಡ ಅಂದಿದ್ದಾರೆ. ಗಂಟಲಿನ ಹೊಲಿಗೆ ಒಂದು ಸಲ ಬಿಟ್ಟಿತು ಅಂದ್ರೆ ಆ ದನಿ ಮತ್ತೆ ಬರಲ್ಲ. ಸ್ಲೇಟು ಕೊಟ್ಟಿದ್ದೀನಲ್ಲ, ಬರಿ. ನಾನಿನ್ನೂ ಚಪ್ಪಲೀನೇ ಬಿಟ್ಟಿಲ್ಲ, ಆಗಲೇ ವಿಚಾರಣೆ!

ಏನದು? "ಏನಾಯ್ತು." ಏನೂ ಆಗಲಿಲ್ಲ ಅಣ್ಣ. ಸಭೆ ಆಯ್ತು, ಕೂಗಾಟ ಆಯ್ತು, ಟೀ ಆರಿ ನೀರಾಯ್ತು. ತೀರ್ಮಾನ ಮುಂದಕ್ಕೆ ಹಾಕಿದ್ರು. ನೀನು ಕಟ್ಟಿದ ಪಕ್ಷ ಇದ್ದಲ್ಲೇ ಇದೆ. ಯಾಕೆ ಹಾಗೆ ನೋಡ್ತೀಯ? ನಾವು ಯಾವತ್ತು ಒಂದೇ ದಿನದಲ್ಲಿ ತೀರ್ಮಾನ ಮಾಡಿದ್ದೀವಿ, ಇವತ್ತು ಮಾಡೋಕೆ!

ನಗಬೇಡ. ನಗೋಕೂ ಗಂಟಲೇ ಬೇಕು.

ಅದಾ? ಅದು... ಸ್ಟೂಲು. ಹ್ಞೂ, ನಮ್ಮದೇ, ಆಫೀಸಿಂದು. ಕಾಲು ಸ್ವಲ್ಪ ಅಲ್ಲಾಡ್ತಿತ್ತು, ಬಡಗಿಗೆ ತೋರಿಸೋಣ ಅಂತ ತಂದೆ. ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಕೂತಿದ್ದೆ ಮಾರಾಯ! ಪಕ್ಕದವಳು ಕೇಳ್ತಾಳೆ, "ಸೀಟು ಸಿಗಲ್ಲ ಅಂತ ಮನೆಯಿಂದಲೇ ತಂದ್ರಾ?" ಹೌದಮ್ಮ, ನಮ್ಮ ಪಕ್ಷಕ್ಕೆ ಸೀಟು ಸಿಕ್ಕಿದ್ದೇ ಕಡಿಮೆ ಅಂತ ಹೇಳೋಣ ಅಂದ್ಕೊಂಡೆ. ಹೇಳಲಿಲ್ಲ.

ನೆನಪಿದೆಯಾ, ಮೊದಲ ಚುನಾವಣೇಲಿ ಈ ಚಿಹ್ನೆ ಕೊಟ್ಟಾಗ? ಬೇರೆಯವರೆಲ್ಲ ಬೇಡ ಅಂತ ಬಿಟ್ಟಿದ್ದು. ನಮ್ಮವರ ಮುಖ ನೋಡಬೇಕಿತ್ತು, ಬೇವು ಅಗಿದ ಹಾಗೆ. ನೀನೊಬ್ಬ ಸೀದಾ ಬಡಗಿ ಹತ್ರ ಹೋಗಿ ನಿಜವಾದ ಸ್ಟೂಲನ್ನೇ ಮಾಡಿಸಿಬಿಟ್ಟೆ. ಬಸ್ ನಿಲ್ದಾಣದಲ್ಲಿ, ಕಾರ್ಖಾನೆ ಗೇಟಲ್ಲಿ ಅದನ್ನಿಟ್ಟು ಮೇಲೆ ಹತ್ತಿ... "ನಾಲ್ಕು ಕಾಲಿನ ಕುರ್ಚಿ ಉಬ್ಬುತಗ್ಗಿನ ನೆಲದ ಮೇಲೆ ಅಲ್ಲಾಡುತ್ತೆ. ಮೂರು ಕಾಲಿನದು ಎಂಥ ನೆಲದ ಮೇಲೂ ಅಲ್ಲಾಡಲ್ಲ!" ಆಹಾ! ಬರೆದುಕೊಟ್ಟವಳು ನಾನು, ಚಪ್ಪಾಳೆ ನಿನಗೆ. ಚಪ್ಪಾಳೆ ಬಿತ್ತು, ವೋಟು ಬೀಳಲಿಲ್ಲ. ಆವಾಗಲೂ, ಆಮೇಲೂ, ಮೊನ್ನೆ ನೀನು ಗಂಟಲು ಹರಿದುಕೊಂಡಾಗಲೂ.

ಹ್ಞಾ, ಸಭೆ. ಹೇಳ್ತೀನಿ, ತಾಳು.

ಮೇಷ್ಟ್ರೇ ಶುರು ಮಾಡಿದ್ದು. "ಇಷ್ಟು ವರ್ಷದಿಂದ ಆಸ್ಪತ್ರೆ ಬೇಕು ಅಂತ ಕೂಗ್ತಿದ್ದೀವಿ. ಒಂದು ಇಟ್ಟಿಗೆ ಇಡೋ ಅಧಿಕಾರ ಬಂತಾ? ದೊಡ್ಡ ಪಕ್ಷದವರು ಕರೀತಿದ್ದಾರೆ, ವಿಲೀನ ಆಗೋಣ, ಸಂಪುಟದಲ್ಲಿ ಒಂದು ಕುರ್ಚಿ ಕೊಡ್ತಾರಂತೆ." ನಮ್ಮ ಪಕ್ಷದ ಕಂಡಕ್ಟರ್ ಬಿಡ್ತಾನಾ? ಎದ್ದೇಬಿಟ್ಟ. "ಕಾರ್ಖಾನೆ ಮುಚ್ಚಿಸಿದವರು ಯಾರು ಮೇಷ್ಟ್ರೇ? ಅವರೇ ಅಲ್ವಾ? ಅವರ ಪಂಕ್ತೀಲಿ ಕೂತ ಮೇಲೆ ಕೇಳೋಕೆ ನಮಗೆ ಬಾಯಿ ಎಲ್ಲಿರುತ್ತೆ? ನಿಮಗೆ ಬೇಕಾಗಿರೋದು ಆಸ್ಪತ್ರೆ ಅಲ್ಲ, ಕುರ್ಚಿ!" ಮೇಷ್ಟ್ರು ಏನಂದ್ರು ಗೊತ್ತಾ? "ಹೌದಯ್ಯಾ, ನಿಂತು ನಿಂತು ಕಾಲು ನೋಯ್ತಿದೆ."

ಯಾರೂ ನಗಲಿಲ್ಲ ಅಣ್ಣ. ಎಲ್ಲರ ಕಾಲೂ ನೋಯ್ತಿತ್ತು.

ನಾನಾ? ನಾನೇನು ಮಾತಾಡ್ಲಿ... ಕಿಟಕಿ ತೆಗೆದೆ, ಸೆಖೆ ಇತ್ತು.

ಏನು ಬರೀತಿದ್ದೀಯ... "ನನ್ನ ಕೈ?" ಎತ್ತಿದೆನಪ್ಪಾ, ಎತ್ತದೆ ಇರ್ತೀನಾ! ಹಾಸಿಗೆ ಹಿಡಿದ ಸದಸ್ಯ ತನ್ನ ಮತವನ್ನ ಮನೆಯವರ ಕೈಲಿ ಕಳಿಸಬಹುದು ಅಂತ ನಿಯಮ ಮಾಡಿದ್ದು ನೀನೇ ತಾನೇ? ನನ್ನದೊಂದು, ನಿನ್ನದೊಂದು, ಎರಡೂ ಕೈ ಮೇಲೆ. ಪೊಲೀಸರ ಕೈಗೆ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ...

ಅಂದ್ರೆ... ಹೌದು, ಮುಂದಕ್ಕೆ ಹಾಕಿದ್ರು ಅಂದೆ. ಮುಂದಕ್ಕೆ ಹಾಕೋಕೂ ಕೈ ಎತ್ತಬೇಕಲ್ಲ! ಅಷ್ಟೂ ಗೊತ್ತಾಗಲ್ವಾ? ಈಗ ಗಂಜಿ ಕುಡೀತೀಯಾ? ಬಿಸಿ ಮಾಡ್ತೀನಿ.

ಎಲ್ಲಿಗೆ ಎದ್ದೆ? ಅಣ್ಣ... ಅದನ್ನ ಬಿಡು. ಬಡಗಿ ನೋಡ್ಕೋತಾನೆ. ಬಗ್ಗಬೇಡ, ಗಂಟಲಿಗೆ ಒತ್ತುತ್ತೆ. ಅಣ್ಣ, ಅದನ್ನ ಅಲ್ಲಾಡಿಸಬೇಡ ಅಂದೆ!

...

ಅಲ್ಲಾಡಲ್ಲ. ಗೊತ್ತು. ಮೂರು ಕಾಲೂ ಗಟ್ಟಿಯಾಗೇ ಇವೆ.

ನಾಳೆ ಪಕ್ಷದ ಬೋರ್ಡು ಇಳಿಸ್ತಾರೆ. ಇದನ್ನ ಗುಜರಿಯವನಿಗೆ ಕೊಡೋಣ ಅಂದ ಒಬ್ಬ, ಹಾಗೇ, ಹಳೇ ಪೇಪರ್ ಜೊತೆ. ನನಗೆ ನೋಡೋಕಾಗಲಿಲ್ಲ. ಎತ್ಕೊಂಡು ಬಂದೆ.

ಹಾಗೆ ನೋಡಬೇಡ. ವಿಲೀನ ಬೇಡ ಅನ್ನೋ ಕಡೆ ನನ್ನ ಕೈ ಎತ್ತು ಅಂತ ನೀನು ಬರೆದು ತೋರಿಸಿದ್ದೆ, ಹ್ಞೂ ಅಂದು ಹೋಗಿದ್ದೆ. ಉಳಿದವರು ಸರಿ ಅರ್ಧ ಅರ್ಧ ಆಗಿದ್ರು. ನನ್ನದು ವಿಲೀನಕ್ಕೆ ಕೊಟ್ಟು ನಿನ್ನದನ್ನ ಈ ಕಡೆ ಇಟ್ಟಿದ್ರೂ ಸಾಕಿತ್ತು, ಸಮ ಆಗ್ತಿತ್ತು, ಪಕ್ಷ ಉಳೀತಿತ್ತು. ನನ್ನ ಕೈ ನನ್ನಿಷ್ಟ, ಅದಕ್ಕೆ ನೀನೂ ಏನೂ ಅಂತಿರಲಿಲ್ಲ. ಆದ್ರೆ ನಿನ್ನದೂ... ಎರಡೂ ಒಟ್ಟಿಗೇ ವಿಲೀನದ ಕಡೆ ಹೋದವು ಅಣ್ಣ.

ನಿನ್ನ ಗಂಟಲಿಗೋಸ್ಕರ ಅಂತ ಹೇಳೋಣ ಅಂದ್ಕೊಂಡಿದ್ದೆ. ಬಸ್ಸಲ್ಲಿ ದಾರಿಯುದ್ದಕ್ಕೂ ಅದನ್ನೇ ಜೋಡಿಸ್ಕೊಂಡು ಬಂದೆ. ಇನ್ನೊಂದು ಪ್ರಚಾರ ಮಾಡಿದ್ರೆ ನೀನು ಮೂಗನಾಗ್ತೀಯ, ಅದೇನೂ ಸುಳ್ಳಲ್ಲ. ಆದ್ರೆ ಕೈ ಎತ್ತುವಾಗ ನಿನ್ನ ಗಂಟಲು ನೆನಪಿಗೇ ಬರಲಿಲ್ಲ. ಸೋತು ಸೋತು ನನಗೆ ಸಾಕಾಗಿತ್ತು. ಒಂದೇ ಒಂದು ಸಲ, ಎಣಿಕೆ ಮುಗಿದ ಸಂಜೆ, ತಲೆ ಎತ್ಕೊಂಡು ಬೀದೀಲಿ ನಡೆಯೋದು ಹೇಗಿರುತ್ತೆ ಅಂತ ನೋಡಬೇಕಿತ್ತು...

ಬರಿ. ಬೈದಾದ್ರೂ ಬರಿ. ಸ್ಲೇಟು ಯಾಕೆ ಆ ಕಡೆ ಇಟ್ಟೆ? ಬಳಪ ಮುರೀತಾ? ಇನ್ನೊಂದಿದೆ, ತಗೋ.

ಸ್ಟೂಲಿನ ಮೇಲೆ ಯಾಕೆ ಕೂತೆ... ಕೈ ಯಾಕೆ ಎತ್ತಿದ್ದೀಯ? ನೀರು ಬೇಕಾ? ಫ್ಯಾನು ಹಾಕ್ಲಾ?

...ಓ.

ಸಭೆ ಮುಗಿದಿದೆ ಅಣ್ಣ. ಇಲ್ಲಿ ನಾನೊಬ್ಬಳೇ ಇದ್ದೀನಿ. ಇಳಿಸು. ಭುಜ ನೋಯುತ್ತೆ.

ಇಳಿಸಲ್ವಾ?

ಸರಿ... ವಿರೋಧ, ಒಂದು. ಎಣಿಸಿದೆ. ಎಣಿಸಿದೆ ಅಣ್ಣ, ಈಗ ಇಳಿಸು.