ರೆಪ್ಪೆಗೂದಲು ಕಿತ್ತ ಸೊಸೆ

ಗೊಜ್ಜಾಮ್ ಸೀಮೆಯ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಕಣ್ಣುಬೇನೆಯ ಔಷಧಿ ಹಾಕಿಸಲು ನಿಂತಿದ್ದ ಅಸ್ನಾಕೆಚ್ ಎಂಬಾಕೆಯ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬಿತ್ತು. ಮುದುಕಿ ಅತ್ತೆಯ ರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲು ಕಣ್ಣಿಗೆ ಚುಚ್ಚುತ್ತಿತ್ತು; ಹಿಂದಿನ ದಿನ ಅದಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಪಟ್ಟಿ ಈಗಷ್ಟೇ ಬಿಚ್ಚಿದ್ದರು.

"ಚುಚ್ಚುತ್ತಾ, ಅತ್ತೆ?"

"ಇಲ್ವೇ. ಕಣ್ಣೊಳಗಿನ ಮರಳೆಲ್ಲ ತೊಳೆದ ಹಾಗಿದೆ."

"ದೇವರು ದೊಡ್ಡವನು."

"ನೀನೂ ಚಿಕ್ಕವಳಲ್ಲ, ಮುಲುನೆಶ್. ಹನ್ನೊಂದು ವರ್ಷ ವಾರವಾರ ಚಿಮಟ ಹಿಡಿದು ರೆಪ್ಪೆಗೂದಲು ಕಿತ್ತೆ. ಇಲ್ದಿದ್ರೆ ನಾನು ಯಾವತ್ತೋ ಕುರುಡಿ ಆಗ್ತಿದ್ದೆ."

"ಆಗ ಬಾಯಿತುಂಬ ಬೈತಿದ್ರಲ್ಲ!"

"ನೋವಿಗೆ ಬೈದೆ ಕಣೆ. ಇನ್ಮೇಲೆ ನಿನ್ನ ತೊಡೆ ಮೇಲೆ ತಲೆ ಇಡೋಕೆ ನೆಪಾನೇ ಇಲ್ಲ."

"ಯಾಕಿಲ್ಲ? ಬನ್ನಿ, ಜಡೆ ಹಾಕ್ತೀನಿ."

ಮುದುಕಿ ನಗುತ್ತಾ ಎದ್ದು, ಸೊಸೆ ಎಂದಿನಂತೆ ಚಾಚಿದ ಕೈಯನ್ನು ಹಿಡಿಯದೆ ತಾನೇ ಮುಂದಾಗಿ ಮೆಟ್ಟಿಲಿಳಿದಳು.